ಏಳನೆಯ ಏಟು

‘ಗಿಟಾರ್ ಪರವಾಗಿಲ್ಲ, ಕೊನೆಗೆ ತಾಳ ತಪ್ಪಿದೆ’ ಎಂದು ಇಂಟರ್ನೆಟ್ಟಿನಲ್ಲಿ ಯಾವನೋ ಬರೆದಿದ್ದಾನೆ. ನಮ್ಮ ರೂಮಿನ ಡಿಲನಣ್ಣನ ಇಡೀ ಆಲ್ಬಮ್‌ಗೆ ಬಂದ ಒಂದೇ ಒಂದು ಅಭಿಪ್ರಾಯ ಅದು. ಬರೆದವನು ಎದುರಿಗೆ ಸಿಕ್ಕಿದ್ದರೆ ಅವನನ್ನು ಆ ವ್ಯಾನಿನೊಳಗೆ ಹಾಕಿ ಬಾಗಿಲು ಮುಚ್ಚುತ್ತಿದ್ದೆ.

ಆಲ್ಬಮ್‌ಗೆ ‘ಮೈನಸ್ ಹದಿನೆಂಟು’ ಎಂದು ಹೆಸರಿಟ್ಟದ್ದು ನಾನೇ. ನಾನು ಓಡಿಸುವ ಫ್ರೀಜರ್ ವ್ಯಾನಿನ ಒಳಗೇ ಅದರ ರೆಕಾರ್ಡಿಂಗ್ ನಡೆಯಿತು. ದೋಹಾದ ಅಲ್ ಮನ್ಸೂರಾದ ನಮ್ಮ ರೂಮಿನಲ್ಲಿ ಪ್ಲೈವುಡ್ ಗೋಡೆಯ ಆಚೆ ಒಬ್ಬ ಗೊರಕೆ ಹೊಡೆದರೆ ಈಚೆ ಮೂವರಿಗೆ ನಿದ್ದೆ ಇಲ್ಲ. ಅಲ್ಲಿ ಗಿಟಾರು ನುಡಿಸುವುದೆಲ್ಲಿ? ವ್ಯಾನಿನ ಪೆಟ್ಟಿಗೆ ಹಾಗಲ್ಲ, ನಾಲ್ಕೂ ಕಡೆ ದಪ್ಪ ಗೋಡೆ. ಬಾಗಿಲು ಹಾಕಿದರೆ ಹಾರ್ನ್ ಇಲ್ಲ, ಗಾಳಿ ಇಲ್ಲ, ದೋಹಾವೇ ಇಲ್ಲ.

ಶುಕ್ರವಾರ ಬೆಳಗಿನ ಲೋಡ್ ಇಳಿಸಿ, ಅಲ್ ರಯ್ಯಾನಿನ ಯಾರ್ಡಿಗೆ ವ್ಯಾನ್ ತಂದು ಇಂಜಿನ್ ಆಫ್ ಮಾಡುತ್ತಿದ್ದೆ. ಆ ಹೊತ್ತಿಗೆ ಎಲ್ಲರೂ ಜುಮಾ ನಮಾಜಿಗೆ ಹೋಗಿರುತ್ತಾರೆ. ಒಳಗಿನ ತಂಪು ಆರುವುದರೊಳಗೆ ಡಿಲನಣ್ಣ ತನ್ನ ಕೆಲಸ ಮುಗಿಸಬೇಕು. ಬಾಗಿಲಿನ ಒಳಗಿನ ಹಿಡಿ ಮುರಿದಿತ್ತು, ಹಾಗಾಗಿ ನಾನು ಹೊರಗೆ ಕಾವಲು. ಮುಗಿದ ಮೇಲೆ ಅವನು ಒದೆಯುತ್ತಾನೆ, ನಾನು ತೆರೆಯುತ್ತೇನೆ. ಹಿಡಿ ಹಾಕಿಸಿ ಎಂದು ಸೂಪರ್‌ವೈಸರ್ ಮೊಯ್ದಿನ್ ಕುಂಞಿಯವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. “ನಾಳೆ ನೋಡುವ” ಎನ್ನುತ್ತಿದ್ದರು. ಅವರ ನಾಳೆ ಬರುವುದೇ ಇಲ್ಲ.

ಐದು ಪೀಸ್ ಆಗಲೇ ಇಂಟರ್ನೆಟ್ಟಿಗೆ ಹೋಗಿದ್ದವು. “ಎಂತದಾ ಇದು, ಹಾಡು ಸುರುವಾಗುದು ಯಾವಾಗ?” ಎಂದು ರೂಮಿನವರು ನಕ್ಕಿದ್ದರು. ಹಾಡು ಇಲ್ಲ, ಗಿಟಾರು ಮಾತ್ರ. ಒಂಬತ್ತನೇ ಕ್ಲಾಸು ಬಿಟ್ಟ ನನಗೆ ಅದರ ಶಾಸ್ತ್ರ ತಿಳಿಯದು. ಆದರೆ ನಲ್ಲಿಯಿಂದ ನೀರು ತೊಟ್ಟಿಕ್ಕಿದ ಹಾಗೆ ಮೆಲ್ಲಗೆ ಹೊರಟದ್ದು, ನೋಡುತ್ತಿದ್ದ ಹಾಗೆ ಕರೆಂಟಿನ ಗಿಟಾರಿಗೆ ಹಾರಿ, ತಾಳದ ಲೆಕ್ಕ ಬದಲಿಸಿ ಎಲ್ಲೆಲ್ಲೋ ಓಡಿ ಮತ್ತೆ ಅದೇ ನಲ್ಲಿಗೆ ಬರುತ್ತದಲ್ಲ, ಆಗ ನನ್ನ ರೋಮ ಏಳುತ್ತಿತ್ತು.

ಆರನೆಯದರಲ್ಲಿ ಗಿಟಾರು ಮುಗಿದಿತ್ತು, ಡ್ರಮ್ ಬಾಕಿ. ನಮ್ಮ ಹತ್ತಿರ ಡ್ರಮ್ ಎಲ್ಲಿಂದ ಬರಬೇಕು? ವ್ಯಾನಿನ ಗೋಡೆಗೇ ಮುಷ್ಟಿಯಿಂದ ಗುದ್ದುವುದು ಎಂದು ತೀರ್ಮಾನವಾಯಿತು. ಆರು ಏಟು, ಏಳನೆಯದು ಖಾಲಿ.

“ಆ ಖಾಲಿ ಜಾಗದಲ್ಲಿ ಕೇಳುವವ ದಢಕ್ಕಂತ ಬೀಳ್ಬೇಕು ಮಾರಾಯ” ಎಂದಿದ್ದ ಡಿಲನಣ್ಣ. ಮುಶೈರಿಬ್‌ನ ಆಫೀಸಿನಲ್ಲಿ ದಿನವಿಡೀ ಬಿಲ್ ಟೈಪ್ ಮಾಡುವ ಮನುಷ್ಯ. ಲೆಕ್ಕದಲ್ಲಿ ಮಾತ್ರ ಎಂದೂ ತಪ್ಪಿದವನಲ್ಲ.

ಜೂನ್ ತಿಂಗಳ ಆ ಶುಕ್ರವಾರ ಅವನು ಒಳಗೆ ಹೋಗಿ, ಮೂಲೆಯಲ್ಲಿ ಟಾರ್ಪಾಲು ಮುಚ್ಚಿದ್ದ ಪೆಟ್ಟಿಗೆಯ ಮೇಲೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿದ. ನಾನು ಬಾಗಿಲು ಮುಚ್ಚಿದೆ. ಏಟು ಶುರುವಾಗಿ ತುಸು ಹೊತ್ತಾಗಿತ್ತು, ಅಂದು ಜುಮಾ ಬೇಗ ಮುಗಿದಿತ್ತೋ ಏನೋ, ಮೊಯ್ದಿನ್ ಕುಂಞಿಯವರ ಪಿಕಪ್ ಯಾರ್ಡಿನೊಳಗೆ ತಿರುಗಿತು.

ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಸಾಮಾನಿನ ಪೆಟ್ಟಿಗೆಯಲ್ಲಿ ಮನುಷ್ಯ ಸಿಕ್ಕಿದರೆ ನನ್ನ ವೀಸಾ ಅಲ್ಲಿಗೇ ಖಲಾಸ್. ಕಂಪನಿಯವನಲ್ಲದ ಡಿಲನಣ್ಣನಿಗೆ ಪೊಲೀಸು.

“ಏನಾ ಲತೇಶ, ಬಾಗಿಲಿಗೆ ಅಂಟಿ ನಿಂತಿದ್ದಿ? ನಿಂಗೆ ಅದನ್ನು ಮದುವೆ ಮಾಡಿ ಕೊಟ್ಟಿದ್ದಾ?”

“ಹೊರಟದ್ದೇ ಕಾಕ.”

ಒಳಗಿನಿಂದ ಆರು ಏಟು. ಖಾಲಿ. ಮತ್ತೆ ಆರು.

“ಎಂತ ಸದ್ದದು?”

“ತಗಡು ಕಾಕ. ಬಿಸಿಲಿಗೆ.”

“ತಗಡು ಇಷ್ಟು ಚಂದ ತಾಳ ಹಾಕ್ತದಾ?” ನಕ್ಕರು. ಹೋಗಲಿಲ್ಲ. ವ್ಯಾನಿನ ನೆರಳಿಗೆ ಬಂದು ಒರಗಿ, ಮಗಳ ಸ್ಕೂಲಿನ ಸುದ್ದಿ, ಊರಿನ ಸುದ್ದಿ ಎಲ್ಲ ತೆಗೆದರು. ನಾನು ಹೂಂ ಎನ್ನುತ್ತ ಏಟು ಎಣಿಸುತ್ತಿದ್ದೆ. ಎಣಿಕೆ ಸರಿಯಿರುವವರೆಗೆ ಅವನು ಸರಿ.

“ಹಾಂ, ನಿನ್ನೆ ರಾತ್ರಿ ಬೇರೆ ಡ್ರೈವರನ್ನು ಹಾಕಿ ಈ ವ್ಯಾನಲ್ಲಿ ಐಸ್‌ಕ್ರೀಮ್ ಕಳಿಸಿದ್ದೆ” ಎಂದರು. “ಉಳಿದ ಡ್ರೈ ಐಸ್ ಮೂಲೆಯಲ್ಲಿ ಟಾರ್ಪಾಲಿನ ಅಡಿ ಉಂಟು. ಸಂಜೆ ತೆಗಿ. ಬಾಗಿಲು ತೆರೆದ ಕೂಡ್ಲೆ ಒಳಗೆ ನುಗ್ಬೇಡ, ಗೊತ್ತಾಯ್ತಾ? ಅದರ ಹೊಗೆ ತುಂಬಿದ್ರೆ ಉಸಿರಾಡ್ಲಿಕ್ಕೆ ಗಾಳಿ ಇರುದಿಲ್ಲ. ಹಳೇ ಕಂಪನಿಯಲ್ಲಿ ಒಬ್ಬ ನಿಂತಲ್ಲೇ ಬಿದ್ದಿದ್ದ.”

ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಏಳು.

ಏಳನೆಯದು ಬಿತ್ತು. ಅದರ ಹಿಂದೆ ಮತ್ತೊಂದು, ಲೆಕ್ಕವಿಲ್ಲದೆ, ಮೆತ್ತಗೆ. ಆಮೇಲೆ ಏನೂ ಇಲ್ಲ.

ವೀಸಾ, ಪೊಲೀಸು ಯಾವುದೂ ತಲೆಯಲ್ಲಿ ಉಳಿಯಲಿಲ್ಲ. ಬಾಗಿಲು ಎಳೆದು ತೆರೆದೆ. ಬಿಳಿ ಹೊಗೆ ನನ್ನ ಕಾಲ ಮೇಲೆ ಸುರಿಯಿತು. ಅದರ ಹಿಂದೆಯೇ ಡಿಲನಣ್ಣ ಮಗುಚಿ ಬಿದ್ದ. ತುಟಿ ನೀಲಿ, ಬೆರಳ ಗೆಣ್ಣುಗಳಲ್ಲಿ ರಕ್ತ.

“ಯಾ ಅಲ್ಲಾ!” ಜುಮಾದ ಬಿಳಿ ಬಟ್ಟೆಯಲ್ಲೇ ಮೊಯ್ದಿನ್ ಕುಂಞಿಯವರು ಅವನ ಕಂಕುಳಿಗೆ ಕೈ ಹಾಕಿ ಎಳೆದರು, ನಾನು ಕಾಲು ಹಿಡಿದೆ. ಸುಡುವ ಮರಳಿನ ಮೇಲೆ ಮಲಗಿಸಿ ಎದೆ ತಿಕ್ಕಿದೆವು. ಎಷ್ಟು ಹೊತ್ತೋ. ಕೊನೆಗೆ ಅವನು ಕೆಮ್ಮಿದ, ಕಾರಿಕೊಂಡ, ಮತ್ತೆ ಕೆಮ್ಮಿದ.

ಅವರು ಒಳಗಿದ್ದ ಮೈಕು, ವಯರು ನೋಡಿದರು. “ಇದೆಲ್ಲ ಯಾರು ಕೇಳ್ಲಿಕ್ಕೆ?”

“ಯಾರು ಕೇಳದಿದ್ರೂ ನೀವು ಕೇಳ್ಬೇಕಿತ್ತು! ಹಿಡಿ ಹಿಡಿ ಅಂತ ನಾನು ಬಡ್ಕೊಂಡದ್ದಾದ್ರೂ ಕೇಳ್ಬೇಕಿತ್ತು!” ಕೆಲಸ ಹೇಗೂ ಹೋಯಿತು ಎಂದುಕೊಂಡೇ ಕೂಗಿದ್ದೆ. ಅವರು ಡಿಲನಣ್ಣನನ್ನು ಪಿಕಪ್ಪಿಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಅವನು ಬದುಕಿಕೊಂಡ, ಆರನೆಯದನ್ನು ಆ ಏಳನೆಯ ಏಟಿನ ಸಮೇತ ಆಮೇಲೆ ಹಾಗೇ ಇಂಟರ್ನೆಟ್ಟಿಗೆ ಹಾಕಿದ.

ಮರುದಿನ ಬೆಳಿಗ್ಗೆ ಊರಿಗೆ ಕಳಿಸಲು ಪಾಸ್‌ಪೋರ್ಟ್ ಕೇಳುತ್ತಾರೆಂದು ಕಾಯುತ್ತಲೇ ಯಾರ್ಡಿಗೆ ಹೋದೆ. ವ್ಯಾನಿನ ಬಾಗಿಲು ತೆರೆದಿತ್ತು. ಒಳಗೆ ಹೊಸ ಹಿಡಿ ಹೊಳೆಯುತ್ತಿತ್ತು.

“ಒಳಗೆ ಹೋಗಿ ಮುಚ್ಕೊಂಡು ನೋಡು” ಎಂದರು ಮೊಯ್ದಿನ್ ಕುಂಞಿ, ನನ್ನ ಮುಖ ನೋಡದೆ.

ನಾನು ಹತ್ತಲಿಲ್ಲ. ಅವರು ಚಪ್ಪಲಿ ಬಿಟ್ಟು ತಾವೇ ಹತ್ತಿ, ಒಳಗಿನಿಂದ ಬಾಗಿಲು ಎಳೆದುಕೊಂಡರು. ತಮಾಷೆಗೋ ಏನೋ, ಗೋಡೆಗೆ ಗುದ್ದಿದರು. ಒಂದು, ಎರಡು, ಮೂರು.

ನಾನು ಬಾಗಿಲು ತೆರೆದುಬಿಟ್ಟೆ.

“ಹಿಡಿ ತಿರುಗ್ತದಾ ನೋಡ್ಲಿಕ್ಕಾದ್ರೂ ಬಿಡ್ಬೇಕಲ್ಲ ಮಾರಾಯ” ಎಂದರು ಅವರು. ಅವರ ಹಣೆಯೂ ಬೆವೆತಿತ್ತು.