ಬಾಯಿಲ್ಲದ ಬ್ಯಾಟರಿ

ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಚಳಿ ಹೋಗಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಗುರುವಾರ ಬೆಳಿಗ್ಗೆ ಏಳು ಗಂಟೆಗೆ, ಹೂಟಗಳ್ಳಿಯ ಮನೆಯಲ್ಲಿ, ಸದಾಶಿವಯ್ಯ ಮೊಮ್ಮಗಳ ಲ್ಯಾಪ್‌ಟಾಪನ್ನು ಗವಸಿನಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಅದು ನೆಟ್ಟಗೆ ಕೂರಲಿಲ್ಲ. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತಿತ್ತು. ತಿರುಗಿಸಿ ನೋಡಿದರು. ತಳ ಉಬ್ಬಿಕೊಂಡಿತ್ತು, ಒಂದು ಕಡೆಯ ಅಂಚು ಬೆರಳಗಲ ಬಿರಿದಿತ್ತು.

ಅವರು ಅದನ್ನು ಮೆಲ್ಲಗೆ ಕೆಳಗಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು.

ಉಬ್ಬಿದ ಬ್ಯಾಟರಿ ಏನು ಮಾಡುತ್ತದೆ ಅನ್ನುವುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಓದಿದ್ದು ಮೂರನೇ ಕ್ಲಾಸು. ಆದರೆ ಮೂವತ್ತೆಂಟು ವರ್ಷ ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿಗೆ ಚಾರ್ಜು ಹಾಕಿದ ಕೈ ಅದು. ಅಂಗಡಿಯಲ್ಲಿ ಜೊತೆಗಿದ್ದ ಮೂಗಯ್ಯ ಒಂದು ದಿನ ಬೀಡಿ ಬಾಯಲ್ಲಿಟ್ಟುಕೊಂಡೇ ಚಾರ್ಜಿಗಿಟ್ಟ ಬ್ಯಾಟರಿಯ ಮೇಲೆ ಬಗ್ಗಿದ್ದ. ಢಬ್ ಅಂತ ಒಂದೇ ಸದ್ದು. ಆಮೇಲೆ ಮೂಗಯ್ಯನ ಎಡಗಣ್ಣು ಇರಲಿಲ್ಲ. ಕೊಡದಿಂದ ನೀರು ಹುಯ್ದವರು ಸದಾಶಿವಯ್ಯನವರೇ. ಆ ಕೂಗು ನಲವತ್ತು ವರ್ಷವಾದರೂ ಅವರ ಕಿವಿ ಬಿಟ್ಟು ಹೋಗಿರಲಿಲ್ಲ.

ಮಗಳ ಮಗಳು ಗಗನ ಬಿ.ಎಡ್. ಓದಲಿಕ್ಕೆಂದು ಈ ಮನೆಗೆ ಬಂದು ಎರಡು ವರ್ಷ. ಮೇಜಿನ ಮೇಲಿಟ್ಟು ಬರಿ ಅಂದರೆ ಕೇಳುವವಳಲ್ಲ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಮುಖ ಬಗ್ಗಿಸಿ ಬರೆಯುತ್ತಿದ್ದಳು. ಅವಳು ಎದ್ದ ತಕ್ಷಣ ಸದಾಶಿವಯ್ಯ ಹೋಗಿ ವೈರು ಸಿಕ್ಕಿಸುತ್ತಿದ್ದರು. ಬ್ಯಾಟರಿಯನ್ನು ಖಾಲಿ ಬಿಡಬಾರದು, ಬಿಟ್ಟರೆ ಒಳಗಿನ ಪ್ಲೇಟು ಬೆಳ್ಳಗಾಗಿ ಸತ್ತುಹೋಗುತ್ತದೆ, ಯಾವಾಗಲೂ ತುಂಬಿರಬೇಕು ಎಂಬುದು ಅಂಗಡಿಯಲ್ಲಿ ಕಲಿತ ಪಾಠ. ಚಳಿಗೆ ಬ್ಯಾಟರಿ ಸೋಲುತ್ತದೆ ಎಂಬುದೂ ಅಲ್ಲಿಯದೇ. ಅದಕ್ಕೇ ಧನುರ್ಮಾಸದಲ್ಲಿ ಹೆಂಡತಿ ಸಿದ್ದಲಿಂಗಮ್ಮನ ಹಳೇ ಸೀರೆಗೆ ಹತ್ತಿ ತುಂಬಿಸಿ ಗವಸು ಹೊಲಿಸಿದ್ದರು. ಚಳಿ ಹೋದ ಮೇಲೂ ಗವಸು ಹೋಗಲಿಲ್ಲ. ಅದರೊಳಗಿಟ್ಟು, ವೈರು ಚುಚ್ಚಿಯೇ ಮಲಗುವರು. ಬೆಳಿಗ್ಗೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. ಅವರಿಗೆ ಸಮಾಧಾನ.

"ನಮ್ಮ ತಾತ ಇರೋವರ್ಗೂ ನನ್ನ ಬ್ಯಾಟ್ರಿ ಸಾಯಲ್ಲ ಕಣೇ," ಎಂದು ಗಗನ ಗೆಳತಿಯರಿಗೆ ಫೋನಿನಲ್ಲಿ ಹೇಳುವುದು ಅವರ ಕಿವಿಗೂ ಬಿದ್ದಿತ್ತು.

ಈಗ ಬಚ್ಚಲಲ್ಲಿ ಅವಳು ಚೊಂಬಿನಿಂದ ನೀರು ಹುಯ್ದುಕೊಳ್ಳುವ ಸದ್ದು ಬರುತ್ತಿತ್ತು. ಬಂದವಳೇ ಇದನ್ನು ತೊಡೆಗೆ ಎಳೆದುಕೊಳ್ಳುತ್ತಾಳೆ. ಸೋಮವಾರದಿಂದ ಟಿ. ನರಸೀಪುರದ ಶಾಲೆಯಲ್ಲಿ ಪಾಠ ಮಾಡುವ ಅಭ್ಯಾಸ ಶುರು. ಬರೆಯುವುದು ರಾಶಿ ಇದೆ. ಬೇಡ ಅಂದರೆ ಐದೇ ನಿಮಿಷ ತಾತ ಅನ್ನುತ್ತಾಳೆ. ಮೂಗಯ್ಯನೂ ಒಂದೇ ನಿಮಿಷ ಅಂದಿದ್ದ.

ಸದಾಶಿವಯ್ಯ ವೈರು ಕಿತ್ತರು. ಅಂಗಡಿಯಲ್ಲಾದರೆ ಹೀಗೆ ಉಬ್ಬಿದಾಗ ಮಾಡುವ ಕೆಲಸ ಒಂದೇ: ಮೇಲಿನ ಬಿರಡೆ ಬಿಚ್ಚಿ ಒಳಗಿನ ಗಾಳಿ ಬಿಡುವುದು. ಕನ್ನಡಕ ಬಿಗಿಮಾಡುವ ಸಣ್ಣ ಸ್ಕ್ರೂಡ್ರೈವರ್ ತಂದು ತಳ ಬಿಚ್ಚಿದರು. ಎರಡು ಸ್ಕ್ರೂ ನೆಲಕ್ಕೆ ಉರುಳಿದವು. ಒಳಗೆ ಬೆಳ್ಳಿ ಬಣ್ಣದ ಮೂರು ಚೀಲ, ಊದಿಕೊಂಡ ದಿಂಬಿನ ಹಾಗೆ. ತಿರುಗಿಸಿದರು, ಬೆರಳಾಡಿಸಿದರು. ಬಿರಡೆ ಇಲ್ಲ. ಎಲ್ಲೂ ಬಾಯಿಯೇ ಇಲ್ಲ.

ಬಾಯಿಲ್ಲದ್ದು ಉಸಿರು ಹೇಗೆ ಬಿಡುತ್ತದೆ? ಬಿಡಲಾರದೆ ಅಲ್ಲವೇ ಒಡೆಯುವುದು?

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು.

ಅವರು ಗಡಬಡಿಸಿ ಗೋಣಿಚೀಲ ಹೊಲಿಯುವ ದಬ್ಬಳ ತಂದರು. ಮುಖವನ್ನು ಅತ್ತ ತಿರುಗಿಸಿ, ಕಣ್ಣು ಅರ್ಧ ಮುಚ್ಚಿ, ನಡುವಿನ ಚೀಲಕ್ಕೆ ಮೊನೆ ಊರಿದರು. ಚೀಲ ಮೆತ್ತಗೆ ಒಳಗೆ ತಗ್ಗಿತು.

"ತಾತಾ!"

ಗಗನ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಟವೆಲ್, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒತ್ಬೇಡ! ತಾತ, ಒತ್ಬೇಡ, ಚುಚ್ಚಿದ್ರೆ ಬೆಂಕಿ ಹತ್ಕೊಳುತ್ತೆ!"

ಸದಾಶಿವಯ್ಯ ಅಲುಗಲಿಲ್ಲ. ಅಲುಗಿದರೆ ಮೊನೆ ಇಳಿಯುತ್ತದೋ ಎಂಬ ಹೆದರಿಕೆ. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತು.

"ನೀನು ಆಚೆ ಹೋಗವ್ವ," ಎಂದರು. "ಮೊದ್ಲು ಆಚೆ ಹೋಗು."

"ನಾನ್ ಹೋಗಲ್ಲ. ನೀನು ಕೈ ತೆಗಿ. ಮೆತ್ತಗೆ."

ಒಂದೊಂದು ಎಳ್ಳಿನಷ್ಟೇ ಕೈ ಮೇಲೆತ್ತಿದರು. ತಗ್ಗಿದ್ದ ಜಾಗ ನಿಧಾನಕ್ಕೆ ಮತ್ತೆ ಉಬ್ಬಿ ಬಂತು. ತೂತಾಗಿರಲಿಲ್ಲ. ದಬ್ಬಳ ನೆಲಕ್ಕೆ ಬಿದ್ದು ಠಣ್ ಎಂದಾಗ ಇಬ್ಬರೂ ಬೆಚ್ಚಿದರು.

ಗಗನ ಲಕ್ಷ್ಮೀಪುರಂನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ವಿಶ್ರುತ್‌ಗೆ ಫೋನು ಮಾಡಿ ಸ್ಪೀಕರ್ ಹಾಕಿದಳು.

"ಚುಚ್ಬೇಡಿ, ಒತ್ಬೇಡಿ, ಚಾರ್ಜಿಗೆ ಹಾಕ್ಬೇಡಿ," ಎಂದ ಅವನು. "ಮನೆಯಿಂದ ಹೊರಗೆ, ನೆರಳಲ್ಲಿ, ಒಣ ಮರಳಿನ ಮೇಲಿಡಿ. ಹತ್ರ ಯಾರೂ ಸುಳಿಯೋದು ಬೇಡ. ನಾಳೆ ಬಂದು ತಗೊಂಡ್ಹೋಗ್ತೀನಿ."

ಗಗನ ಅದನ್ನು ಎತ್ತಲು ಕೈ ಚಾಚಿದಳು. ಸದಾಶಿವಯ್ಯ ಅವಳ ಕೈಯನ್ನು ತಳ್ಳಿಬಿಟ್ಟರು. ಜೀವಮಾನದಲ್ಲಿ ಅವಳನ್ನು ಹಾಗೆ ತಳ್ಳಿದವರಲ್ಲ.

ಎದುರುಗಡೆ ಕಟ್ಟುತ್ತಿದ್ದ ಮನೆಯ ಗಾರೆ ಬಾಂಡ್ಲಿ ತಂದು, ಅದರಲ್ಲಿ ಲ್ಯಾಪ್‌ಟಾಪನ್ನು ತೆರೆದ ಹಾಗೇ ಇಟ್ಟುಕೊಂಡು ಹೊರಟರು. ಹೊಸಿಲಿಂದ ಆ ಮನೆ ಮುಂದಿನ ಮರಳಿನ ರಾಶಿಗೆ ಇಪ್ಪತ್ತು ಹೆಜ್ಜೆ. ತೋಳು ಎಷ್ಟು ಚಾಚಲಾದೀತೋ ಅಷ್ಟು ಚಾಚಿದ್ದರು. ಎಂಟನೇ ಹೆಜ್ಜೆಗೆ ಬಾಂಡ್ಲಿಯೊಳಗೆ ಕಟಕ್ ಎಂದಿತು. ಎಸೆದು ಓಡಿಬಿಡಲೇ ಅನ್ನಿಸಿತು. ಹಿಂದೆ ಹೊಸಿಲ ಮೇಲೆ ಹುಡುಗಿ ನಿಂತಿದ್ದಾಳೆ. ಎಸೆದರೆ ಯಾವ ಕಡೆ ಸಿಡಿಯುತ್ತದೋ ಯಾರು ಬಲ್ಲರು. ಹಾಗೇ ನಡೆದರು. ಎಣಿಕೆ ತಪ್ಪಿತು. ಗೋಡೆಯ ನೆರಳಲ್ಲಿ ಬಾಂಡ್ಲಿಯನ್ನು ಮರಳಿನ ಮೇಲಿಟ್ಟು ಹಿಂದೆ ಸರಿದ ಮೇಲೂ ಮಡಚಿದ ಬೆರಳುಗಳು ನೆಟ್ಟಗಾಗಲಿಲ್ಲ.

ಸಿದ್ದಲಿಂಗಮ್ಮ ಹಾಲು ತಂದವರು ಗೇಟಿನಲ್ಲೇ ನಿಂತರು. "ಏನ್ರೀ ಇದು, ಮರಳು ಕಾಯೋ ಕೆಲ್ಸ ಹಿಡ್ಕೊಂಡ್ರಾ?"

ಗಂಡನ ಮುಖ ನೋಡಿ ಸೀದಾ ಒಳಗೆ ನಡೆದರು.

ಆ ದಿನವೆಲ್ಲ ಸದಾಶಿವಯ್ಯ ದೂರದಲ್ಲಿ ಕುರ್ಚಿ ಹಾಕಿಕೊಂಡು, ಗಾರೆಯವರನ್ನೂ ಬೀದಿ ಮಕ್ಕಳನ್ನೂ ಅತ್ತ ಬಿಡದೆ ಕಾದರು. ಊಟ ಅಲ್ಲಿಗೇ ಬಂತು.

ಶುಕ್ರವಾರ ಹತ್ತು ಗಂಟೆಗೆ ವಿಶ್ರುತ್ ಬಂದ. ದಪ್ಪ ಕೈಗವಸು ಹಾಕಿಕೊಂಡು ಬ್ಯಾಟರಿ ಬಿಡಿಸಿ, ಮರಳು ತುಂಬಿದ ಡಬ್ಬದಲ್ಲಿ ಹೂತ. ಹೊಸದನ್ನು ಕೂರಿಸಿದ. ಆಮೇಲೆ ಲ್ಯಾಪ್‌ಟಾಪಿನ ಹತ್ತಿ ಗವಸನ್ನು ಎತ್ತಿ ಹಿಸುಕಿ ನೋಡಿದ.

"ಇದನ್ನ ಯಾರು ಹೊದಿಸ್ತಿದ್ರು?"

ಗಗನ ಬಾಯಿ ತೆರೆಯುವ ಮುಂಚೆ ಸದಾಶಿವಯ್ಯ ಹೇಳಿದರು: "ನಾನೇ ಕಣಪ್ಪ. ವೈರೂ ನಾನೇ ಹಾಕ್ತಿದ್ದೆ. ಹಗಲೂ ರಾತ್ರಿ."

"ಲಾರಿ ಬ್ಯಾಟ್ರಿ ಲೆಕ್ಕ ಇದಕ್ಕಾಗಲ್ಲ, ಯಜಮಾನ್ರೇ. ಇದು ಹೊಟ್ಟೆ ಬಿರಿಯೋ ಹಂಗೆ ತುಂಬ್ಕೊಂಡೇ ಇದ್ರೆ ಸೊರಗುತ್ತೆ, ಸೆಖೆಗೂ ಸೊರಗುತ್ತೆ. ಚಾರ್ಜು ನೂರಕ್ಕೆ ಎಂಬತ್ತಾದ್ರೆ ಕಿತ್ಬುಡಿ, ಇಪ್ಪತ್ತಕ್ಕಿಳಿಯೋ ಮುಂಚೆ ಹಾಕಿ. ಗಟ್ಟಿ ಹಲಗೆ ಮೇಲಿಡಿ, ಗಾಳಿ ಆಡ್ಲಿ."

ಸದಾಶಿವಯ್ಯ ತಲೆಯಾಡಿಸಿದರು. ಎರಡು ತಿಂಗಳು ದಿನವೂ ಅದನ್ನು ಬೆಚ್ಚಗೆ ಮಾಡಿ, ತುಂಬಿಸಿ, ಮೊಮ್ಮಗಳ ತೊಡೆಗೆ ಕೊಟ್ಟವರು ತಾವೇ. ಆ ಲೆಕ್ಕ ಮನಸ್ಸಿನಲ್ಲಿ ಸುತ್ತುತ್ತಲೇ ಇತ್ತು.

"ತಾತ, ಏನೂ ಆಗಿಲ್ವಲ್ಲ, ಬುಡು," ಎಂದಳು ಗಗನ.

"ಆಗಿದ್ದಿದ್ರೆ?"

ಅವಳು ಗವಸನ್ನು ಮಡಚಿಕೊಂಡು ಒಳಗೆ ಹೋದಳು.

ಶನಿವಾರ ಬಡಗಿಯಿಂದ ಒಂದು ಹಲಗೆ ಕೊಯ್ಯಿಸಿ, ನಾಲ್ಕು ಕಾಲು ಹೊಡೆಸಿ ತಂದರು. ಸಿದ್ದಲಿಂಗಮ್ಮ ಗವಸಿನ ಹತ್ತಿ ಬಿಚ್ಚಿ ದಿಂಬಿಗೆ ತುಂಬಿದರು. ಭಾನುವಾರವೆಲ್ಲ ಗಗನ ಬರೆಯುತ್ತಿದ್ದರೆ, ಅರ್ಧ ಗಂಟೆಗೊಮ್ಮೆ ಸದಾಶಿವಯ್ಯ ಬಂದು ಅಂಗೈಯಿಂದ ತಳ ಸವರಿ ನೋಡಿ ಹೋಗುವರು. ಚಪ್ಪಟೆಯಾಗೇ ಇತ್ತು. ಆದರೂ ಮತ್ತೆ ಬರುವರು. "ಇನ್ನೊಂದ್ಸಲ ಮುಟ್ಟಿದ್ರೆ ಅದಕ್ಕೆ ಕಚಗುಳಿ ಆಗುತ್ತೆ," ಎಂದು ಗಗನ ನಕ್ಕಳು. ಅವರು ನಗಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದಾಗ ಅವರ ಕೈ ಅಭ್ಯಾಸಬಲದಿಂದ ವೈರಿನ ಕಡೆ ಹೋಯಿತು. ಪರದೆಯ ಮೂಲೆಯಲ್ಲಿ ಅರವತ್ತೆರಡು ಅಂತ ಇತ್ತು. ಅಂಕಿ ಓದಲು ಬರುತ್ತಿತ್ತು. ಕೈ ಹಿಂದಕ್ಕೆಳೆದು, ವೈರನ್ನು ಸುತ್ತಿ ಅವಳ ಬ್ಯಾಗಿಗೆ ಹಾಕಿದರು. ಹಲಗೆಯನ್ನೂ ಕಟ್ಟಿಕೊಟ್ಟರು.

"ತೊಡೆ ಮೇಲಿಟ್ಕೋಬೇಡ ಕಣವ್ವ."

"ಇಟ್ಕೊಳಲ್ಲ ತಾತ."

ಟಿ. ನರಸೀಪುರದ ಶಾಲೆಗೆ ಗಗನ ಹೊರಟದ್ದು ಆ ಸೋಮವಾರ, ಏಳು ಗಂಟೆಯ ಬಸ್ಸಿಗೆ.