ಶಾಲೋಮಪುರ ಎಂದು ಬರೆದವನು

ಹೆಬ್ಬಳ್ಳಿಯ ಆಚೆ ಹನ್ನೊಂದು ಮನೆಗಳ ಯಹೂದಿ ಕೊಪ್ಪವೊಂದಿತ್ತು. ಒಂದು ತಲೆಮಾರಿನ ಹಿಂದೆ ಕೊಂಕಣದಿಂದ ಬಂದ ಗಾಣಿಗರು ಅವರು. ಶನಿವಾರ ಅವರಿಗೆ ಸಬ್ಬತ್, ದೇವರ ದಿನ. ಅಂದು ಗಾಣ ಹೂಡುತ್ತಿರಲಿಲ್ಲ, ಒಲೆ ಹಚ್ಚುತ್ತಿರಲಿಲ್ಲ, ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಅದನ್ನೇ ಹಿಡಿದು ಸುತ್ತಲಿನವರು ಆ ಜಾಗವನ್ನು ಶನಿಕೊಪ್ಪ ಎಂದು ಕರೆದು ನಗುತ್ತಿದ್ದರು. ಬೆಳಗ್ಗೆ ಎದ್ದು ಆ ಹೆಸರು ಹೇಳಬಾರದೆಂದು ಮುಖ ತಿರುಗಿಸುವವರೂ ಇದ್ದರು.

ಹಿರಿಯ ಎಲ್ಲೋಜಿಗೆ ಇದು ಎದೆಯೊಳಗಿನ ಮುಳ್ಳು. ಶಾಂತಿಯ ಊರು ಎಂಬರ್ಥದಲ್ಲಿ ಶಾಲೋಮಪುರ ಎಂದು ಹೆಸರಿಟ್ಟು, ಅದನ್ನು ದಾಖಲೆಗೆ ಸೇರಿಸಿರೆಂದು ಧಾರವಾಡಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದ.

೧೯೨೭ರಲ್ಲಿ ಊರು, ಹೊಲ ಅಳೆದು ದಾಖಲೆ ಬರೆಯುವ ಮೋಜಣಿ ಕಾರಕೂನ ಗೋವಿಂದಪ್ಪ ಬಂದ. ಬಂದದ್ದು ಶನಿವಾರ. ಸಂಜೆಯೊಳಗೆ ದಫ್ತರ ಧಾರವಾಡ ಮುಟ್ಟಬೇಕು, ಊರಿನವರೊಬ್ಬರು ಹೆಸರು ಬರೆದು ಸಹಿ ಮಾಡದಿದ್ದರೆ ಜನರ ಬಾಯಲ್ಲಿದ್ದ ಹೆಸರನ್ನೇ ಹಾಕುತ್ತೇನೆ ಎಂದ. ಚುಕ್ಕಿ ಮೂಡಿ ಸಬ್ಬತ್ ಮುಗಿಯುವವರೆಗೆ ಕಾಯಿರೆಂದು ಎಲ್ಲೋಜಿ ಕೈಮುಗಿದ. ಗೋವಿಂದಪ್ಪ ಚಕ್ಕಡಿ ಹೂಡಲು ಹೇಳಿದ.

ಆಗ ಎಲ್ಲೋಜಿಯ ಕಿರಿಯ ಮಗ ಹಸಾಜಿ ಮುಂದೆ ಬಂದು ಲೇಖಣಿ ತೆಗೆದುಕೊಂಡ.

"ಅಪ್ಪಾ, ಇವತ್ತ ಬಿಟ್ರ ನಮ್ಮ ಮೊಮ್ಮಕ್ಕಳೂ ಶನಿ ಅನಿಸ್ಕೋತಾರ," ಎಂದು ಹೇಳಿ, ಹೆಸರು ಬರೆದು ಸಹಿ ಹಾಕಿದ. ಎಲ್ಲೋಜಿ ತಡೆಯಲೂ ಇಲ್ಲ, ಹೂಂ ಎನ್ನಲೂ ಇಲ್ಲ.

ಅಂದಿನಿಂದ ಪ್ರಾರ್ಥನೆಯಲ್ಲಿ ಹಸಾಜಿಯ ಪಕ್ಕ ಯಾರೂ ಕೂಡಲಿಲ್ಲ. ಹೆಸರನ್ನು ಮಾತ್ರ ಯಾರೂ ಬಿಡಲಿಲ್ಲ. ಅವನ ಅಣ್ಣ ರಹಮೀಮ ಮಗಳ ಲಗ್ನಪತ್ರಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ಶಾಲೋಮಪುರ ಎಂದು ಅಚ್ಚು ಹಾಕಿಸಿದ. ಆ ಪತ್ರಿಕೆ ಹಸಾಜಿಯ ಮನೆಗೆ ಬರಲಿಲ್ಲ.

ಏಳು ವರ್ಷಗಳ ಮೇಲೆ ಎಲ್ಲೋಜಿ ತೀರಿಕೊಂಡ. ಅಷ್ಟರಲ್ಲಿ ಅರ್ಧ ಮನೆಗಳವರು ಮುಂಬೈ ಸೇರಿದ್ದರು. ಸತ್ತವರಿಗಾಗಿ ಮಕ್ಕಳು ಹೇಳುವ ಪ್ರಾರ್ಥನೆಗೆ ಹತ್ತು ಗಂಡಸರು ಕೂಡಲೇಬೇಕು. ಗೋರಿಯ ಬಳಿ ರಹಮೀಮ ಎಲ್ಲರತ್ತ ಕಣ್ಣು ಹಾಯಿಸಿದ.

"ಒಂಬತ್ತ ಮಂದಿ ಅದೇವಿ," ಎಂದ.

"ಅಣ್ಣಾ, ನಾ ಇಲ್ಲೇ ನಿಂತೇನಿ."

"ಸಬ್ಬತ್ ಮುರದಾಂವ ಲೆಕ್ಕಕ್ಕ ಬರೂದಿಲ್ಲ."

ಉಳಿದ ಎಂಟು ಮಂದಿ ಸಲಿಕೆ ಎತ್ತಿಕೊಂಡರು. ಪ್ರಾರ್ಥನೆ ಇಲ್ಲದೆಯೇ ಎಲ್ಲೋಜಿಯನ್ನು ಮಣ್ಣು ಮಾಡಿದರು.

ಎಲ್ಲರೂ ಹೋದ ಮೇಲೆ ಹಸಾಜಿ ಒಬ್ಬನೇ ನಿಂತು ಆ ಪ್ರಾರ್ಥನೆಯನ್ನು ಹೇಳತೊಡಗಿದ. ಯಾವಾಗಲೂ ತಂದೆಯ ದನಿಯ ಹಿಂದೆ ಹೇಳಿ ರೂಢಿ. ಅರ್ಧಕ್ಕೆ ಬಂದಾಗ ಮುಂದಿನ ಮಾತು ನೆನಪಾಗಲಿಲ್ಲ. ಮತ್ತೆ ಮೊದಲಿನಿಂದ ಹೇಳಿದ. ಅಲ್ಲಿಗೇ ನಿಂತಿತು.

ಮರುತಿಂಗಳು ಹೆಂಡತಿ ಸಾಕೂಬಾಯಿಯನ್ನು ಕರೆದುಕೊಂಡು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ಕೂಲಿಗೆ ಸೇರಿದ. ಅಲ್ಲಿ ಶನಿವಾರವೂ ಕೆಲಸವಿತ್ತು. ಹೋದ.