ಕೂಗಿಗೂ ಕತ್ತಿಗೂ ನಡುವೆ

ಎಲೆಗಳ ನಡುವೆ ಅಂಗೈಯಗಲ ಬಿಸಿಲು, ಇಷ್ಟು ಹೊತ್ತು ಇರಲಿಲ್ಲ, ಕೊಂಬೆ ಹೋದ ಜಾಗದಿಂದ ಬಂದು ಉಮೇಶನ ಕಣ್ಣು ಚುಚ್ಚುತ್ತಿದೆ, ಅಂದರೆ ಕೊಂಬೆ ಬಿದ್ದಿದೆ, ಕಡಿದದ್ದು ತಾನೇ, ಕತ್ತಿ ಕೈಯಲ್ಲೇ ಇದೆ, ಬಸರಿ ಮರಕ್ಕೆ ಸೊಂಟ ಕಟ್ಟಿದ ಹಗ್ಗವೂ ಬಿಗಿಯಾಗೇ ಇದೆ — ಮತ್ತೆ ಕೆಳಗೇಕೆ ಇಷ್ಟು ಗದ್ದಲ. ಮೂವತ್ತಡಿ ಕೆಳಗೆ ಕಾಫಿ ಗಿಡಗಳ ಸಾಲಿನಲ್ಲಿ ಗಿಡ್ಡಮ್ಮ ಕುಸಿದು ಕೂತಿದ್ದಾಳೆ, ಅವಳಿಂದ ಒಂದೇ ಗೇಣು ಆಚೆ ತೊಡೆಗಾತ್ರದ ಕೊಂಬೆ. ನೆರಳು ಮರಗಳ ಕೊಂಬೆ ಸವರುವ ಮರಗಸಿಯಲ್ಲಿ ಗಂಟಲೇ ಮೊದಲು, ಕತ್ತಿ ಆಮೇಲೆ, ಎಂದು ಅಪ್ಪ ಕಲಿಸಿದ್ದ, ಮೇಲಿನವನು ಬಿಡ್ಲಾ ಎಂದು ಕೂಗಬೇಕು, ಕೆಳಗಿನವರು ದೂರ ಸರಿದು ಬಿಡೂ ಎನ್ನಬೇಕು, ಆಮೇಲೆಯೇ ಕೊನೆಯ ಏಟು. ಕೂಗಿದ್ದನಲ್ಲ. ಅವರು ಬಿಡೂ ಅಂದದ್ದೂ ಈಗಷ್ಟೇ ಕೇಳಿದಂತಿದೆ. ಏ ಗಿಡ್ಡಮ್ಮ, ಕಿವಿ ಮನೇಲಿ ಬಿಟ್ ಬಂದಿದ್ಯೇನೆ, ಮೇಸ್ತ್ರಿ ಬೊಮ್ಮಯ್ಯನ ದನಿ, ಅವ್ನು ಕೂಗ್ದ, ಎಲ್ರೂ ಸರಿದ್ವಿ, ನೀನ್ಯಾಕೆ ವಾಪಸ್ ಹೋದೆ. ಎಷ್ಟೊತ್ತು ನಿಲ್ಲದು ಮಾರಾಯ, ಎಂದಳು ಗಿಡ್ಡಮ್ಮ, ಕೊಂಬೆ ಬೀಳ್ಲೇ ಇಲ್ಲ, ಕೈ ಸೋತು ಕೂತ್ನೇನೋ ಅಂದ್ಕಂಡೆ, ನನ್ ಎಲಡಿಕೆ ಚೀಲ ಅಲ್ಲೇ ಇತ್ತು. ಎಷ್ಟೊತ್ತು — ಆ ಮಾತು ಮರ ಹತ್ತಿ ಬಂದು ಅವನ ಪಕ್ಕದಲ್ಲೇ ಕೂರುತ್ತದೆ. ಅವರ ಬಿಡೂ ಕೇಳಿದ್ದು ಈಗಲ್ಲ, ಯಾವಾಗಲೋ, ನಡುವೆ ಅವನು ಇರಲೇ ಇಲ್ಲ, ಕತ್ತಿಯೆತ್ತಿದ ಕೈ ಮಡಿಲಿಗೆ ಬಿದ್ದು ತಲೆ ಎದೆಗೆ ವಾಲಿ, ಆಮೇಲೆ ಉಸಿರು ಸಿಕ್ಕದೆ ಗಕ್ಕನೆ ಎಚ್ಚರಾಗಿ, ನಿಲ್ಲಿಸಿದಲ್ಲಿಂದಲೇ ಶುರುಮಾಡಿದವನಂತೆ ಕೆಳಗೆ ನೋಡದೆ ಏಟು ಹಾಕಿದ್ದಾನೆ. ಗಂಟೆಗೆ ನಲವತ್ತು ಸಲ, ಅಂದಿದ್ದರು ಚಿಕ್ಕಮಗಳೂರಿನ ಡಾಕ್ಟ್ರು, ಬೆರಳಿಗೆ, ಮೂಗಿಗೆ ವೈರು ಕಟ್ಟಿ ಒಂದು ರಾತ್ರಿ ಮಲಗಿಸಿ ನೋಡಿದ ಮೇಲೆ, ನಿದ್ದೆಯಲ್ಲಿ ನಿಮ್ಮ ಉಸಿರು ನಿಲ್ತಿದೆ ಉಮೇಶ್, ಅದಕ್ಕೇ ಬಿಪಿ, ಅದಕ್ಕೇ ಬೆಳಗಿನ ತಲೆನೋವು, ಹಗಲು ತೂಕಡಿಕೆ, ಗಾಳಿ ಮೆಷಿನ್ ಹಾಕ್ಕೊಂಡು ಮಲಗಿ, ಅಲ್ಲಿವರೆಗೂ ಎತ್ತರ ಹತ್ತೋ ಕೆಲಸ ಬೇಡ. ಮರುರಾತ್ರಿ ಅಲ್ಲೇ ಆ ಮೆಷಿನ್ನಿನ ಮುಸುಕು ಹಾಕಿ ಮಲಗಿಸಿದಾಗ ಎಷ್ಟೋ ವರ್ಷದ ಮೇಲೆ ಕನಸು ಬಿದ್ದಿತ್ತು, ಬೆಳಿಗ್ಗೆ ತಲೆ ಯಾರದೋ ಹೊಸ ತಲೆಯಂತೆ ಹಗುರ. ವಸ್ತಾರೆಯ ಬಸ್ಸಿಳಿದು ಪ್ರೇಮಲತಾಗೆ ಹೇಳಿದ್ದು ಮಾತ್ರ, ಬರೀ ಬಿಪಿ ಕಣೇ, ಮಾತ್ರೆ ಕೊಟ್ಟಿದಾರೆ. ಹೆಂಡತಿಗೆ ಹೇಳಿದರೆ ಮೇಸ್ತ್ರಿಗೂ ಹೇಳಿದಂತೆ, ಆಮೇಲೆ ನೆಲದ ಮೇಲೆ ಸೊಪ್ಪು ರಾಶಿ ಹಾಕುತ್ತಾ, ಮೇಲಿನವನು ಕೂಗಿದಾಗ ಸರಿಯುತ್ತಾ ಇರಬೇಕು, ಅವನು, ಈ ತೋಟದ ಒಂದೊಂದು ಮರವನ್ನೂ ಕೊಂಬೆ ಕೊಂಬೆಯಾಗಿ ಬಲ್ಲವನು. ಕೂಲಿಯವರ ಲೈನ್ ಮನೆಯಲ್ಲಿ ಅವನ ಗೊರಕೆಗೆ ನಗುತ್ತಾರೆ, ಉಮೇಶಣ್ಣ ಪಲ್ಪರ್ ಮೆಷಿನ್ ಸ್ಟಾರ್ಟ್ ಮಾಡ್ದ, ಕಾಫಿ ಹಣ್ಣು ಹಾಕ್ರೋ. ಪ್ರೇಮಲತಾ ನಗುವುದಿಲ್ಲ, ಗೊರಕೆ ನಿಂತಾಗ ಅವಳ ಅಂಗೈ ಅವನ ಎದೆ ಮೇಲೆ, ಕಾಯುತ್ತದೆ, ಆಮೇಲೆ ದಬ್ಬುತ್ತದೆ, ಬೆಳಗಾದ ಮೇಲೆ ಇಬ್ಬರೂ ಆ ಮಾತೆತ್ತುವುದಿಲ್ಲ. ಈಗ ಸೊಪ್ಪಿನ ಹೊರೆ ಕೆಳಗಿಟ್ಟು ಕತ್ತೆತ್ತಿ ಅವನನ್ನೇ ನೋಡುತ್ತಿದ್ದಾಳೆ, ಅವಳಿಗೆ ಗೊತ್ತಾಗಿದೆ, ಅವಳು ಹೇಳುವುದಿಲ್ಲ, ಅವನೇ ಹೇಳಲಿ ಎಂದು ನಿಂತಿದ್ದಾಳೆ. ನಾಳೆಯಿಂದ ನೀನ್ ಬರದು ಬೇಡ ಗಿಡ್ಡಮ್ಮ, ಎಂದ ಬೊಮ್ಮಯ್ಯ, ಕಿವಿ ಕೇಳದವ್ರನ್ನ ಮರದಡಿ ಇಟ್ಕಂಡು ಸಾಹುಕಾರ್ರಿಗೆ ನಾನೇನ್ ಹೇಳ್ಲಿ, ಮನೇಲಿ ಕೂತ್ಕ. ಮನೇಲಿ ಕೂತು ಗೋಡೆ ಜೊತೆ ಮಾತಾಡ್ಲಾ, ನನ್ ಕಿವಿ ಸರಿಯಿದೆ ಬೊಮ್ಮಯ್ಯ, ನೀನು ಮನ್ಸಲ್ಲಿ ಬೈಯದೂ ಕೇಳತ್ತೆ. ಯಾರೋ ನಕ್ಕರು. ಗಿಡ್ಡಮ್ಮ ನಗಲಿಲ್ಲ. ಕಡಿದ ಬುಡದಿಂದ ಬಸರಿ ಹಾಲು ತೊಟ್ಟಿಕ್ಕುತ್ತಿದೆ, ಅವನ ಮೊಣಕಾಲ ಪಕ್ಕದಿಂದಲೇ, ನೇರ ಕೆಳಗೆ, ಗಿಡ್ಡಮ್ಮನ ಬೈತಲೆಯ ಮೇಲೆ, ಒಂದು ಹನಿ. ಸುಮ್ಮನಿದ್ದರೆ ಇವತ್ತಿಗೆ ಮುಗಿಯಿತು, ಅವಳು ಮನೆಗೆ, ಅವನು ಇನ್ನೊಂದು ಮರಕ್ಕೆ, ನಾಳೆ ಅವಳ ಜಾಗದಲ್ಲಿ ಇನ್ಯಾರೋ, ಪ್ರೇಮಲತಾಳೇ ಇರಬಹುದು, ಬಿಡೂ ಎಂದು ಸರಿದು, ಕಾದು ಸಾಕಾಗಿ ಮರಳಿ ಬಂದು. ಎರಡು. ಬೊಮ್ಮಯ್ಯಣ್ಣ, ಎಂದು ಕೂಗಿದ, ಗಿಡ್ಡಮ್ಮಂದು ತಪ್ಪಿಲ್ಲ, ಕೂಗಿ ಆದ್ಮೇಲೆ ನಂಗೆ ನಿದ್ದೆ ಬಂತು. ನಿದ್ದೆನಾ, ಮರದ ಮೇಲಾ, ನೀನೇನ್ ಬಾವಲಿಯೇನೋ ಮಾರಾಯ. ನಗು. ತಮಾಷೆ ಅಲ್ಲ, ಕಾಯಿಲೆ, ಡಾಕ್ಟ್ರು ಹತ್ಬೇಡ ಅಂದಿದ್ರು, ನಾನೇ ಮುಚ್ಚಿಟ್ಟೆ. ನಗು ನಿಂತಿತು. ಇಳಿ ಹಂಗಾರೆ, ಎಂದ ಬೊಮ್ಮಯ್ಯ, ತಗ್ಗಿದ ದನಿಯಲ್ಲಿ, ಮೆಲ್ಲಗೆ ಇಳಿ, ಕತ್ತಿ ಮೊದ್ಲು ಕೊಡು. ಹಗ್ಗದಲ್ಲಿ ಕತ್ತಿ ಇಳಿಬಿಟ್ಟ, ಕೈ ಖಾಲಿಯಾಯಿತು, ಇನ್ನು ಸೊಂಟದ ಗಂಟು ಬಿಚ್ಚಬೇಕು, ಎಡಗಾಲು ಕೆಳಗಿನ ಕವಲಿಗೆ ಇಡಬೇಕು, ಇಪ್ಪತ್ತು ವರ್ಷ ನೋಡದೆ ಇಟ್ಟ ಕಾಲು, ಈಗ ನೋಡಬೇಕು, ನೋಡಿದರೆ ಅಲ್ಲಿ ಗಿಡ್ಡಮ್ಮ, ಕತ್ತೆತ್ತಿ, ಬಾಯಿ ಅರ್ಧ ತೆರೆದು, ಬೆಳ್ಳಿಕೂದಲ ಬೈತಲೆಯಲ್ಲಿ ಬಿಳೀ ಹನಿ, ಒರೆಸಿಕೊಂಡಿಲ್ಲ, ಹಣೆಗೆ ಇಳಿಯುತ್ತಿದೆ, ಆ ಹನಿ ನೋಡುತ್ತಲೇ ಅವನು ಸೊಂಟದ ಗಂಟಿಗೆ ಕೈ ಹಾಕಿದ.